ಬಾಗಿಲ ಮೇಲಿನ ನಂಬರು

"ಎರಡನೂರಾ ಹದಿನೇಳ್ರಿ," ಎಂದಳು ಸುವರ್ಣಾ, ಚಪ್ಪಲಿಯನ್ನು ಹೊಸ್ತಿಲಾಚೆ ಬಿಡುತ್ತ. "ನಮ್ಮ ಬಾಗಲ ಮ್ಯಾಲೆ ನೀವ ಸೀಮೆಸುಣ್ಣದಾಗ ಬರದಿದ್ರಿ. ಮನಿಗಿ ಸುಣ್ಣಾ ಹಚ್ಚಿದ್ರೂ ಅದನ್ನೊಂದ ಬಿಟ್ಟೇನ್ರಿ."

ತ್ರಿಶಲಾ ಕಂಪ್ಯೂಟರಿನಿಂದ ತಲೆ ಎತ್ತಿದಳು. ಬೆಳಗಿನಿಂದ ಮೂರು ಸಲ ಕರೆಂಟು ಹೋಗಿತ್ತು. ತುಂಬಿದ್ದನ್ನೇ ಮತ್ತೆ ತುಂಬಿ ಕಣ್ಣು ಉರಿಯುತ್ತಿದ್ದವು. ಎಳೆಗೂಸುಗಳು ಯಾಕೆ ಸಾಯುತ್ತವೆ ಎಂದು ಹುಡುಕುವ ಸಂಶೋಧನೆಗೆ ಹುಕ್ಕೇರಿಯ ಈ ಬಾಡಿಗೆ ಕೋಣೆಯೇ ಕಚೇರಿ. ಅವಳು ಊರೂರು ತಿರುಗಿ, ಕೂಸು ಕಳೆದುಕೊಂಡ ತಾಯಂದಿರಿಗೆ ಎಂಬತ್ತು ಪ್ರಶ್ನೆ ಕೇಳಿ ಬರುತ್ತಿದ್ದಳು; ಉತ್ತರ ತುಂಬಿದರೆ ಕಂಪ್ಯೂಟರು ಕಾರಣ ಹೇಳುತ್ತಿತ್ತು. ದಡ್ಡಿ ಎಂಬ ಊರಿನ ಸುವರ್ಣಾಳನ್ನು ಎರಡು ತಿಂಗಳ ಹಿಂದೆ ಕೇಳಿ ಬಂದಿದ್ದಳು.

"ಕೂತ್ಕೋವಾ. ಒಬ್ಬಾಕೀನ ಬಂದಿ?"

"ಹೂನ್ರಿ. ಸಂತಿಗಂತ ಹೇಳಿ ಬಂದೇನಿ. ನಂದು ಕಂಪ್ಯೂಟರ ಏನಂತ ಹೇಳಿತ್ರಿ?"

"ಅದನ್ನ ಮನಿ ಮಂದಿಗೆ ಹೇಳಂಗಿಲ್ಲವಾ. ಎಲ್ಲಾರದೂ ಕೂಡಿಸಿ ಡಾಕ್ಟರು ನೋಡ್ತಾರ, ಅಷ್ಟ."

"ನನಗ ನಂದೊಂದ ಸಾಕ್ರಿ." ಸುವರ್ಣಾ ಕೂರಲಿಲ್ಲ. "ಬಾಣಂತಿ ಇದ್ದಾಗ ತಲಿ ತೊಳಕೊಂಡು ಒದ್ದಿ ಕೂದಲದಾಗ ಕೂಸಿಗೆ ಹಾಲ ಕೊಟ್ಟಿದ್ನಿ. ನಾಕ ದಿನಕ್ಕ ಹೋತು. ನೀನ ಕೊಂದಿ ಅಂತಾರ್ರಿ ನಮ್ಮತ್ತಿ. ಉಣ್ಣಾಕ ಕೂತ್ರೂ ಅದ, ಕುರಿ ಬಿಡಾಕ ಹೋದ್ರೂ ಅದ."

"ತಲಿ ತೊಳಕೊಂಡ್ರ ಕೂಸ ಸಾಯ್ತಾವೇನ, ಹುಚ್ಚಿ? ನಾ ಬಂದು ಹೇಳ್ತೇನಿ ನಿಮ್ಮತ್ತಿಗೆ."

"ಹೋದ ಸಲಾನೂ ಹೇಳಿದ್ರಲ್ರಿ. ನೀವು ಅತ್ಲಾಗ ಹೋಗೂದಕ್ಕ, ಲಗ್ನಾ ಆಗಲಾರದಾಕಿ ನನಗ ಬಾಣಂತನಾ ಕಲಸಾಕ ಬಂದಾಳ ಅಂದ್ರು."

ಇಬ್ಬರಿಗೂ ಒಂದು ಗಳಿಗೆ ನಗು ಬಂತು. ತ್ರಿಶಲಾ ಬಾಗಿಲತ್ತ ನೋಡಿದಳು. ಡಾಕ್ಟರು ಗೋಕಾಕಕ್ಕೆ ಹೋಗಿದ್ದರು. 217 ಒತ್ತಿದಳು.

ಪರದೆಯ ಮೇಲೆ 99 ಮೂಡಿತು. ಕಾರಣ ಸಿಗದ ಕೂಸುಗಳಿಗೆಲ್ಲ ಕಂಪ್ಯೂಟರು ಕೊಡುವ ಸಂಖ್ಯೆ ಅದು. ತೊಂಬತ್ತೊಂಬತ್ತು ಹೆಚ್ಚಾದಷ್ಟೂ ಡಾಕ್ಟರು, "ಪ್ರಶ್ನೆ ಸರಿಯಾಗಿ ಕೇಳಿ ಬಂದಿಯೇನವಾ?" ಎಂದು ಬೈಯುತ್ತಿದ್ದರು. ನ್ಯುಮೋನಿಯಾ ಎಂದುಬಿಡಲೇ ಎಂದು ತ್ರಿಶಲಾಳಿಗೆ ಅನಿಸಿತು. ಆದರೆ ಒಂದು ಸುಳ್ಳು ಹೇಳಿ ಅದನ್ನು ನಡೆಸಿಕೊಂಡು ಹೋಗುವಷ್ಟು ತ್ರಾಣ ಉಳಿದಿರಲಿಲ್ಲ.

"ಗೊತ್ತಾಗಿಲ್ಲಂತ ಬಂದೈತವಾ," ಎಂದಳು ಮೆಲ್ಲಗೆ. "ಎಂಬತ್ತ ಪ್ರಶ್ನೆ ಕೇಳಿದ್ರೂ ಇದಕ್ಕ ತಿಳದಿಲ್ಲ."

ಸುವರ್ಣಾ ಮುಂದೆ ಬಂದು ಪರದೆಯನ್ನೇ ನೋಡುತ್ತ ನಿಂತಳು.

"ಖರೇ ಏನ್ರಿ? ಇದಕ್ಕೂ ತಿಳದಿಲ್ಲಾ?"

"ಖರೇ."

"ಇಷ್ಟೆಲ್ಲಾ ಕೇಳಿದ ಮಿಶನ್‌ಗ ತಿಳೀಲಿಲ್ಲಂದ್ರ, ಒಂದೂ ಕೇಳದ ನಮ್ಮತ್ತಿಗೆ ಹೆಂಗ ತಿಳೀತ್ರಿ?"

ಸುವರ್ಣಾ ಪರದೆಯಿಂದ ತ್ರಿಶಲಾಳತ್ತ ತಿರುಗಿದಳು.

"ಬರದ ಕೊಡ್ರಿ ಅಕ್ಕಾರ. ದೊಡ್ಡ ಅಕ್ಷರದಾಗ."

ಖಾಲಿ ಫಾರ್ಮಿನ ಬೆನ್ನಿಗೆ ತ್ರಿಶಲಾ ಬರೆದಳು: ನಂಬರು 217. ಕಾರಣ ಗೊತ್ತಿಲ್ಲ. ಕೆಳಗೆ ಸಹಿ ಹಾಕಿ, ಕೇಳದಿದ್ದರೂ ಕಚೇರಿಯ ಮೊಹರು ಒತ್ತಿದಳು.

ಸುವರ್ಣಾ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಗಂಟು ಹಾಕುವಾಗ ತಲೆಯ ಮೇಲಿನ ಸೆರಗು ಜಾರಿತು. ಕೂದಲು ಧೂಳಿನಿಂದ ಗಟ್ಟಿಯಾಗಿ ನೆತ್ತಿಗೆ ಅಂಟಿಕೊಂಡಿತ್ತು. ತ್ರಿಶಲಾ ನೋಡಿದ್ದನ್ನು ನೋಡಿ ಅವಳು ಸೆರಗು ಎಳೆದುಕೊಂಡಳು.

"ಆವತ್ತಿನಿಂದ ತಲಿಗಿ ನೀರ ಹಾಕಿಲ್ರಿ," ಎಂದಳು. "ಇವತ್ತ ಹಾಕ್ಕೋತೇನಿ."