ಮುಚ್ಚಳ ತೆಗೆಯುವ ಹಾಗಿಲ್ಲ

"ಸದ್ದೇ ಇಲ್ವಲ್ಲಮ್ಮ, ಇದು ನಿಜವಾಗ್ಲೂ ಬೇಯ್ತಿದೆಯಾ?" ಎಂದು ಮಾವ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು. ಕರೆಂಟಿನಲ್ಲಿ ನಿಧಾನವಾಗಿ ಬೇಯಿಸುವ ಹೊಸ ಸ್ಲೋ ಕುಕ್ಕರಿನಲ್ಲಿ ಸೊಸೆ ಕೇಕಿನಂಥ ಪುಡಿಂಗ್ ಇಟ್ಟು ಹತ್ತು ನಿಮಿಷವೂ ಆಗಿರಲಿಲ್ಲ.

"ಬೇಯ್ತಿದೆ ಮಾವ. ನಾಲ್ಕು ಗಂಟೆ ಬೇಕಂತೆ."

"ನಾಲ್ಕು ಗಂಟೆ?" ಮಾವನ ಹುಬ್ಬು ಮೇಲೇರಿತು. ಬಟ್ಟೆ ಗಿರಣಿಯ ಬಾಯ್ಲರ್ ಮುಂದೆ ಮೂವತ್ತು ವರ್ಷ ಕಳೆದ ಮನುಷ್ಯ. ಹಬೆಯ ವಿಷಯದಲ್ಲಿ ಅವರಿಗೆ ಯಾರೂ ಟೋಪಿ ಹಾಕುವ ಹಾಗಿರಲಿಲ್ಲ. ಆದರೆ ತಾನು ಮದುವೆಯಾಗಿ ಬಂದ ಎರಡು ವರ್ಷದಲ್ಲಿ ಅವರು ಒಲೆಯ ಹತ್ತಿರ ಸುಳಿದದ್ದನ್ನೇ ಸೊಸೆ ನೋಡಿರಲಿಲ್ಲ. ಈ ಮನೆಯಲ್ಲಿ ಸೀಟಿ ಹೊಡೆಯುವ ಕುಕ್ಕರೂ ಇರಲಿಲ್ಲ. ಯಾಕೆಂದು ಗಂಡನನ್ನು ಕೇಳಿದರೆ, "ಅಪ್ಪನಿಗೆ ಅದು ಆಗಲ್ಲ, ಬಿಡು" ಎಂದು ಮಾತು ತಿರುಗಿಸುತ್ತಿದ್ದ.

ಇವತ್ತು ಮಾವ ಒಂದು ಸ್ಟೂಲು ಎಳೆದುಕೊಂಡು ಕುಕ್ಕರಿನ ಎದುರೇ ಕೂತರು. ಗಾಜಿನ ಮುಚ್ಚಳದ ಮೂಲಕ ಬಗ್ಗಿ ನೋಡಿದರು. ಬಿಸಿನೀರಿನ ಮಧ್ಯೆ ಪಿಂಗಾಣಿ ಬಟ್ಟಲು, ಅದರ ಬಾಯಿಗೆ ಬೆಣ್ಣೆ ಸವರಿದ ಕಾಗದ, ಮೇಲೊಂದು ಅಲ್ಯೂಮಿನಿಯಂ ಹಾಳೆ, ಸುತ್ತ ಬಿಗಿದ ದಾರ.

"ಹಾಳೆ ನಡುವೆ ಈ ಮಡಿಕೆ ಯಾಕೆ?"

"ಪುಡಿಂಗ್ ಉಬ್ಬೋಕೆ ಜಾಗ ಬೇಕಲ್ಲ ಮಾವ."

"ಭಲೆ. ಈ ಅಡುಗೆ ವಿಧಾನ ಬರೆದೋನಿಗೆ ಬುದ್ಧಿ ಇದೆ. ಒಳಗೆ ಒತ್ತಡ ಎಷ್ಟಿರುತ್ತೆ?"

"ಒತ್ತಡವೇ ಇಲ್ಲ. ಮುಚ್ಚಳ ಸುಮ್ನೆ ಕೂತಿದೆ ಅಷ್ಟೆ."

"ನೀರು ಕಡಿಮೆಯಾದ್ರೆ?"

"ಅಷ್ಟೇನೂ ಆಗಲ್ವಂತೆ. ಹಬೆ ಮುಚ್ಚಳಕ್ಕೆ ತಾಗಿ, ಮತ್ತೆ ನೀರಾಗಿ ಒಳಗೇ ಬೀಳುತ್ತೆ."

ಒಂದು ಗಂಟೆಯಲ್ಲಿ ಗಾಜು ಪೂರ್ತಿ ಮಸುಕಾಯಿತು. ಮಾವ ಟವೆಲಿನ ತುದಿಯಿಂದ ಒರೆಸಿದರು. ಮತ್ತೆ ಒರೆಸಿದರು. ಒಳಗಿನ ಮಂಜು ಹೊರಗಿನಿಂದ ಒರೆಸಿದರೆ ಹೋಗುವುದು ಹೇಗೆ? ಅವರ ಕೈ ಮುಚ್ಚಳದ ಗುಬುಟಿಗೆ ಹೋಯಿತು.

"ತೆಗೀಬೇಡಿ ಮಾವ. ಒಂದ್ಸಲ ತೆಗೆದ್ರೆ ಅರ್ಧ ಗಂಟೆ ಹಿಂದಕ್ಕೆ ಹೋಗುತ್ತೆ."

"ಮತ್ತೆ ಒಳಗೇನಾಗ್ತಿದೆ ಅಂತ ಹೇಗೆ ಗೊತ್ತಾಗಬೇಕು?"

"ಗೊತ್ತಾಗಲ್ಲ. ಕಾಯಬೇಕು." ಮೇಲೆ ಉದುರಿಸಲು ಕಿತ್ತಳೆ ಸಿಪ್ಪೆ ಹೆಚ್ಚುತ್ತಾ ಸೊಸೆ ಬರೀ ಕುತೂಹಲಕ್ಕೆ ಕೇಳಿದಳು, "ಬಾಯ್ಲರಲ್ಲಿ ಹೇಗೆ ಗೊತ್ತಾಗ್ತಿತ್ತು?"

ಮಾವ ಟವೆಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು. "ಪಕ್ಕದಲ್ಲಿ ಒಂದು ಗಾಜಿನ ಕೊಳವೆ ಇರುತ್ತೆ. ಒಳಗೆ ನೀರೆಷ್ಟಿದೆ ಅಂತ ಅದರಲ್ಲೇ ನೋಡಬೇಕು. ಪಾಳಿ ಮುಗಿಸಿದೋನು ಅದನ್ನ ತೊಳೆದಿಟ್ಟು ಹೋಗಬೇಕು. ಒಂದು ದಿನ ನಾನು ತೊಳೀಲಿಲ್ಲ. ಮನೆ ಸೇರೋ ಅವಸರ. ಆಮೇಲೆ ಬಂದೋನು ನನ್ನ ಜೊತೆಗಾರ. ಗಾಜಿಗೆ ಕಟ್ಟಿದ್ದ ಕೊಳೆ ಗೆರೆನೇ ನೀರು ಅಂದ್ಕೊಂಡ. ಒಳಗೆ ನೀರು ತಳ ಸೇರಿತ್ತು."

ಸೊಸೆಯ ಚಾಕು ನಿಂತಿತು. "ಆಮೇಲೆ?"

"ಬಾಯ್ಲರ್ ಸಿಡೀತು. ಹಬೆ ಅವನ ಮುಖಕ್ಕೇ ಹೊಡೀತು. ಜೀವ ಉಳೀತು."

"ಈಗೆಲ್ಲಿದಾರೆ?"

"ಇಲ್ಲೇ. ಬಸ್ ನಿಲ್ದಾಣದ ಹಿಂದಿನ ಬೀದಿ."

"ಆಮೇಲೆ ಹೋಗಿ ಮಾತಾಡಿಸಿದ್ರಾ?"

ಮಾವ ಇಲ್ಲವೆಂದು ತಲೆಯಾಡಿಸಿದರು. "ಹನ್ನೊಂದು ವರ್ಷ ಆಯ್ತು. ಯಾವ ಮುಖ ಇಟ್ಕೊಂಡು ಹೋಗಲಮ್ಮ?"

ಅವಳು ಮತ್ತೆ ಸಿಪ್ಪೆ ಹೆಚ್ಚತೊಡಗಿದಳು. ಇಬ್ಬರೂ ಮುಚ್ಚಳ ತೆಗೆಯದೆ ಕಾದರು. ಮಧ್ಯಾಹ್ನ ಮೂರಕ್ಕೆ ಬಟ್ಟಲನ್ನು ತಟ್ಟೆಗೆ ಬೋರಲು ಹಾಕಿದಾಗ ಪುಡಿಂಗ್ ಕಂದುಬಣ್ಣಕ್ಕೆ ತಿರುಗಿ, ಬಟ್ಟಲಿನದೇ ಆಕಾರದಲ್ಲಿ ಇಡಿಯಾಗಿ ಕೂತಿತು. ಮಾವ ಅದರ ಸುತ್ತ ಒಂದು ಸುತ್ತು ಬಂದು ನೋಡಿದರು. ಸೊಸೆ ಅರ್ಧ ಕತ್ತರಿಸಿ ಡಬ್ಬಿಗೆ ಹಾಕಿದಳು. ಚಪ್ಪಲಿ ಮೆಟ್ಟಿಕೊಂಡು, "ನಡೀರಿ ಮಾವ, ಆರೋದ್ರೊಳಗೆ ಕೊಟ್ಟು ಬರೋಣ" ಎಂದಳು. ಎಲ್ಲಿಗೆಂದು ಅವರು ಕೇಳಲಿಲ್ಲ. ದಾರಿಯುದ್ದಕ್ಕೂ ಅವಳಿಗಿಂತ ಎರಡು ಹೆಜ್ಜೆ ಹಿಂದೆಯೇ ನಡೆದು, ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಬಾಗಿಲು ತೋರಿಸಿದರು.

ಬಾಗಿಲು ತೆಗೆದವರು ಜೊತೆಗಾರರೇ. ಮುಖದ ಎಡಭಾಗದ ಚರ್ಮ ಎಳೆದು ಅಂಟಿಸಿದಂತೆ ನಯವಾಗಿ ಹೊಳೆಯುತ್ತಿತ್ತು. ತುಟಿ ಒಂದು ಪಕ್ಕಕ್ಕೆ ಸರಿದು ಅಲ್ಲೇ ನಿಂತುಬಿಟ್ಟಿತ್ತು. ಅವರು ಮಾವನನ್ನು ಮೇಲಿನಿಂದ ಕೆಳಗೆ ನೋಡಿದರು.

"ದಾರಿ ತಪ್ಪಿ ಬಂದ್ಯೇನೋ?"

"ಅವತ್ತು ಆ ಗಾಜು ನಾನು ತೊಳೆದಿರಲಿಲ್ಲ ಕಣೋ."

"ಗೊತ್ತು. ಕೊಳೆ ಕಟ್ಟಿದೆ ಅಂತ ಬಂದ ತಕ್ಷಣ ನೋಡಿದೆ. ಆಮೇಲೆ ತೊಳೆದ್ರಾಯ್ತು ಅಂತ ನಾನೂ ಬಿಟ್ಟೆ. ಅದಕ್ಕಲ್ಲ ನನಗೆ ಸಿಟ್ಟು. ಒಂದು ದಿನ, ಒಂದೇ ಒಂದು ದಿನ ಈ ಕಡೆ ತಲೆ ಹಾಕಲಿಲ್ಲವಲ್ಲ, ಅದಕ್ಕೆ."

ಮಾವ ಹೊಸ್ತಿಲ ಆಚೆಯೇ ನಿಂತಿದ್ದರು. ಸೊಸೆ ಡಬ್ಬಿ ಮುಂದೆ ಹಿಡಿದಳು. ಜೊತೆಗಾರರು ಅದರ ಮುಚ್ಚಳ ತೆರೆದು, ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡರು. ಅಗಿಯುತ್ತಿದ್ದ ಹಾಗೆ ಅವರ ಭುಜ ಮೆಲ್ಲಗೆ ಕುಲುಕತೊಡಗಿತು. ಸೊಸೆ ಆ ಮುಖವನ್ನು ಎಷ್ಟು ನೋಡಿದರೂ ಏನೂ ತಿಳಿಯಲಿಲ್ಲ. ಕಣ್ಣಲ್ಲಿ ನೀರಿತ್ತು, ಆದರೆ ಸುಟ್ಟ ಕಡೆಯ, ಮುಚ್ಚಲಾರದ ಎಡಗಣ್ಣಿನಲ್ಲಿ ಅವರು ಬಾಗಿಲು ತೆಗೆದಾಗಲೂ ನೀರಿತ್ತು.

ಮಾವನಿಗೂ ತಿಳಿಯಲಿಲ್ಲ. ನಿಂತಲ್ಲಿಂದಲೇ ಕತ್ತು ಚಾಚಿ ಕೇಳಿದರು, "ನಗ್ತಿದೀಯೋ, ಅಳ್ತಿದೀಯೋ?"

"ಹತ್ತಿರ ಬಂದು ನೋಡು" ಎಂದರು ಅವರು.