ಅಂಗೈ ಕಾವು

ಗುಳೇದಗುಡ್ಡದ ಓಣಿಗಳಲ್ಲಿ ಬೆಳಗಿನ ಚಹಾ ಮುಗಿಯುತ್ತಲೇ ಜನ ಒಬ್ಬರ ಕಾಲನ್ನು ಇನ್ನೊಬ್ಬರು ಹಿಡಿದು ಕಟ್ಟೆಯ ಮೇಲೆ ಕೂಡುತ್ತಾರೆ. ಸಕ್ಕರೆ ಕಾಯಿಲೆಯ ಹುಣ್ಣಿಗೆ ಹಚ್ಚುವ ಮುಲಾಮಿನ ನ್ಯಾನೋಕಣಗಳು ಅಂಗೈಯ ಕಾವಿಗೆ ಮಾತ್ರ ಮೆಲ್ಲಗೆ ಬಿಚ್ಚಿಕೊಂಡು ನೈಟ್ರಿಕ್ ಆಕ್ಸೈಡ್ ಬಿಡುತ್ತವೆ. ಬಿಗಿದ ರಕ್ತನಾಳಗಳು ಅದರಿಂದ ಸಡಿಲಗೊಂಡು, ರಕ್ತ ಹರಿದು ಹುಣ್ಣು ಮಾಯುತ್ತದೆ.

ನೇಕಾರ ಮುರಿಗೆಪ್ಪನ ಹೆಂಡತಿ ಶಂಕ್ರವ್ವ ಮಾತ್ರ ತನ್ನ ಕಾಲನ್ನು ತಾನೇ ಹಿಡಿದುಕೊಳ್ಳುತ್ತಿದ್ದಳು. ಅವಳ ಕೈಗಳೇ ತಣ್ಣಗಿದ್ದವು, ಹುಣ್ಣು ಮಾಯಲಿಲ್ಲ. ಹೀಗೇ ಬಿಟ್ಟರೆ ಪಾದ ತೆಗೆಯಬೇಕಾಗುತ್ತದೆ ಎಂದು ನಿನ್ನೆ ನರ್ಸ್ ಹೇಳಿ ಹೋಗಿದ್ದಳು.

ಮುರಿಗೆಪ್ಪ ಮುಲಾಮಿನ ಡಬ್ಬಿ ಹಿಡಿದು ಕಟ್ಟೆಯ ಮೇಲೆ ಅವಳ ಎದುರಿಗೆ ಕುಳಿತ. "ತಾ ಇಲ್ಲಿ ಕಾಲು."

ಶಂಕ್ರವ್ವ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. "ಗಂಡನ ಕೈಲೆ ಕಾಲು ಹಿಡಿಸಿಕೊಂಡು ನರಕಕ್ಕ ಹೋಗ್ಲೇನ್ರಿ?"

"ಕಾಲಿಲ್ದ ಹ್ಯಾಂಗ ಹೋಗ್ತಿ? ಅಲ್ಲಿತನಕ ನಾನ ಹೊರಬೇಕು."

"ಓಣಿ ಮಂದಿ ನೋಡ್ತಾರ."

"ನೋಡ್ಲಿ. ಎದುರುಮನಿ ಮಾಸ್ತರ ತನ್ನ ಸೊಸಿ ಕಾಲ ಹಿಡ್ಕೊಂಡ ಊರ ಸುದ್ದಿ ಹೇಳ್ತಾನ."

ಅವಳು ಬಾಗಿ ಮೊದಲು ಅವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಮುಖ ತಿರುಗಿಸಿ ಕಾಲು ಚಾಚಿದಳು. ಅವನು ಮುಲಾಮು ಹಚ್ಚಿ, ಎರಡೂ ಅಂಗೈಗಳಲ್ಲಿ ಪಾದವನ್ನು ಮುಚ್ಚಿ ಹಿಡಿದ. ಬಿಸಿಲು ಕಟ್ಟೆಗೇರುವವರೆಗೂ ಬಿಡಲಿಲ್ಲ.

"ನಿಮ್ಮ ಅಂಗೈ ಎಷ್ಟು ಒರಟ ಆಗ್ಯಾವ್ರಿ," ಎಂದಳು ಶಂಕ್ರವ್ವ.

ಮುರಿಗೆಪ್ಪ ತಟ್ಟನೆ ತಲೆಯೆತ್ತಿದ. ಹೋದ ವರ್ಷ ಮಗ್ಗದ ಮೊಳೆ ಚುಚ್ಚಿ ರಕ್ತ ಹರಿದಾಗಲೂ ಮರಗಟ್ಟಿದ ಆ ಪಾದಕ್ಕೆ ಏನೂ ಗೊತ್ತಾಗಿರಲಿಲ್ಲ. ಅವನು ಕೈ ಅಲುಗಿಸದೆ ಹಾಗೇ ಕುಳಿತ.