ಉಳಿದಿದ್ದ ಒಂದು ಸೀಟು

ಡೇಟಾಬೇಸ್ ನಿರ್ವಹಣೆಯ ಅರೆಕಾಲಿಕ ಕೋರ್ಸಿನ ಸರ್ಟಿಫಿಕೇಟು ಇಲ್ಲದಿದ್ದರೆ ಪಾಲಾಕ್ಷನಿಗೆ ಬಡ್ತಿ ಇಲ್ಲ. ಊರಿನ ಕಾಲೇಜಿನಲ್ಲಿ ಆ ಕೋರ್ಸಿಗೆ ಉಳಿದಿದ್ದುದು ಒಂದೇ ಸೀಟು; ಅದಕ್ಕಾಗಿ ಇನ್ನೊಬ್ಬರೂ ಬಾಗಿಲ ಆಚೆ ಕಾದು ಕೂತಿದ್ದರು. ಹಾಲು ಒಕ್ಕೂಟದ ಕಚೇರಿಯಲ್ಲಿ ಕಂಪ್ಯೂಟರ್ ನಿಂತುಹೋದರೆ ಆಫ್ ಮಾಡಿ ಆನ್ ಮಾಡುವುದಷ್ಟೇ ಅವನ ವಿದ್ಯೆ. ಆದರೂ ಸಂದರ್ಶನದಲ್ಲಿ ಗೊತ್ತಿಲ್ಲ ಎನ್ನಲು ಅವನ ನಾಲಿಗೆ ಹೊರಳಲಿಲ್ಲ.

“ಡೇಟಾಬೇಸ್ ಮುಟ್ಟಿದ್ದೀಯೇನಪ್ಪಾ?” ಎಂದರು ಪ್ರಿನ್ಸಿಪಾಲರು.

“ಮುಟ್ಟೋದೇನ್ ಸಾರ್, ಇಡೀ ಒಕ್ಕೂಟದ್ದು ನಾನೇ ಕಟ್ಟಿದ್ದು.”

“ಕೆಟ್ಟರೆ?”

“ರಿಪೇರಿನೂ ನಾನೇ. ಹೊಸಬರಿಗೆ ಹೇಳ್ಕೊಡೋದೂ ನಾನೇ.”

ಬೊಗಳೆ ನಾಟಿತೆಂದು ಪಾಲಾಕ್ಷ ಕಾಲರ್ ಸರಿಮಾಡಿಕೊಂಡ.

ಪ್ರಿನ್ಸಿಪಾಲರು ಎದ್ದು ಬಂದು ಕೈಕುಲುಕಿದರು. “ಸೀಟು ಆಚೆ ಕೂತಿರೋರಿಗೆ ಕೊಡ್ತೀನಿ. ನಮ್ಮ ಮೇಷ್ಟ್ರು ಕೆಲಸ ಬಿಟ್ಟು ಹೋದ್ರು, ಸೋಮವಾರದಿಂದ ಪಾಠ ಮಾಡೋಕೆ ನೀವೇ ಬಂದ್ಬಿಡಿ ಸಾರ್.”